ಮಗಳ ಸ್ಯಾಕ್ಸೋಫೋನ್ ಸೊನಾಟಾಕ್ಕೆ ಪಾಲು ಹಾಕಬೇಕಂತೆ. ಏನಿದು, ಬಲ್ಲವರು ಹೇಳಿ

ಸಾಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ಸಂಗೀತ ವಿಭಾಗದಲ್ಲಿ ಇದು ನನ್ನ ಮೊದಲ ಪೋಸ್ಟ್. ಇಷ್ಟು ದಿನ ಅಡುಗೆ ಮತ್ತು ವೀಸಾ ಕಡೆಯೇ ಓಡಾಡಿಕೊಂಡಿದ್ದೆ. ಊರು ಸಾಗರ, ಹದಿನೆಂಟು ವರ್ಷದಿಂದ ಮಿಷಿಗನ್. ಮಗಳು ಇಲ್ಲೇ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಓದೋದು ಸ್ಯಾಕ್ಸೋಫೋನ್. ಹೌದು, ಅದನ್ನೇ ಓದ್ತಾಳೆ. ಆ ಜಗಳ ಮನೆಯಲ್ಲಿ ಮುಗಿದಿದೆ, ದಯವಿಟ್ಟು ಇಲ್ಲಿ ಮತ್ತೆ ಶುರು ಮಾಡಬೇಡಿ.

ವಿಷಯ ಏನಂದ್ರೆ, ಇವಳ ಮೇಷ್ಟ್ರು ಒಬ್ಬ ಸಂಯೋಜಕರ ಹತ್ತಿರ ಆಲ್ಟೊ ಸ್ಯಾಕ್ಸೋಫೋನ್ ಮತ್ತು ಪಿಯಾನೊಗೆ ಹೊಸ ಸೊನಾಟಾ, ಅಂದ್ರೆ ಕೆಲವು ಭಾಗಗಳಿರೋ ದೊಡ್ಡ ಕೃತಿ, ಬರೆಸ್ತಿದ್ದಾರೆ. ಖರ್ಚು ಒಬ್ಬರ ಕೈಯಲ್ಲಿ ಆಗೋದಲ್ಲ ಅಂತ ಮೂವತ್ತು ನಲವತ್ತು ಜನ ವಾದಕರು ಸೇರಿ ಪಾಲು ಹಾಕ್ತಾರಂತೆ. ಅದಕ್ಕೆ ಕನ್ಸಾರ್ಷಿಯಂ ಅಂತ ಹೆಸರು. ಇವಳ ಪಾಲು 150 ಡಾಲರ್. ದುಡ್ಡಿನ ಪ್ರಶ್ನೆ ಅಲ್ಲ. ಇನ್ನೂ ಒಂದು ಸ್ವರ ಬರೆದಿಲ್ಲ, ಹೇಗಿರುತ್ತೆ ಅಂತ ಬರೆಯುವವರಿಗೇ ಗೊತ್ತಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಲ್ಲವೇ ಇದು? ಪಕ್ಕದ ಮನೆ ಹುಡುಗ ಪಿಯಾನೊ ಕಲೀತಾನೆ, ಬಾಖ್, ಬೇತೊವೆನ್ ಅಂತ ನುಡಿಸ್ಕೊಂಡಿದ್ದಾನೆ. ಅವರಪ್ಪ ಬೇತೊವೆನ್‌ಗೆ ಚಂದಾ ಎತ್ತಿಲ್ಲ. ನಮಗೆ ಮಾತ್ರ ಯಾಕೆ?


ರೀಡು ಕಚ್ಚಿದವನು

ಅಪ್ಪನವರೇ, ಬೇತೊವೆನ್ ತೀರಿಕೊಂಡಿದ್ದು 1827ರಲ್ಲಿ. ಬೆಲ್ಜಿಯಂನಿಂದ ಪ್ಯಾರಿಸ್ಸಿಗೆ ಬಂದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಗಾರ ಈ ಕೊಳವೆಗೆ ಪೇಟೆಂಟ್ ಮಾಡಿಸಿದ್ದು 1846ರ ಜೂನ್ 28ಕ್ಕೆ. ಮನೆಯ ಆಸ್ತಿ ಎಲ್ಲ ಹಂಚಿಹೋದ ಮೇಲೆ ಹುಟ್ಟಿದ ಕೊನೇ ಮಗ ನಮ್ಮ ವಾದ್ಯ. ಪಿಟೀಲು, ಚೆಲ್ಲೊ, ಕ್ಲಾರಿನೆಟ್ ಎಲ್ಲರೂ ತಮ್ಮ ಪಾಲು ತಗೊಂಡು ಹೋಗಿದ್ದರು.

ಇದು ಸ್ಯಾಕ್ಸ್‌ಗೂ ಗೊತ್ತಿತ್ತು. 1857ರಲ್ಲಿ ಪ್ಯಾರಿಸ್ ಕನ್ಸರ್ವೇಟರಿ ಅನ್ನೋ ಸಂಗೀತ ಶಾಲೆಯಲ್ಲಿ ಪಾಠ ಹೇಳೋಕೆ ಕೂತರೆ, ಪರೀಕ್ಷೆಗೆ ಮಕ್ಕಳು ನುಡಿಸಬೇಕಾದ್ದು ಏನು? ಸಿಂಜೆಲೆ, ಡೆಮರ್ಸೆಮಾನ್ ಥರದ ಗೆಳೆಯರನ್ನು ಹಿಡಿದು ಸ್ಯಾಕ್ಸೋಫೋನ್-ಪಿಯಾನೊಗೆ ಬರೆಸಿ, ತನ್ನದೇ ಪ್ರಕಾಶನದಲ್ಲಿ ಅಚ್ಚು ಹಾಕಿದ. ಅಂದರೆ ಕೇಳಿ ಬರೆಸಿಕೊಳ್ಳೋ ಅಭ್ಯಾಸ ವಾದ್ಯದ ಜೊತೆಗೇ ಹುಟ್ಟಿದ್ದು. 1870ರಲ್ಲಿ ಆ ತರಗತಿ ಮುಚ್ಚಿತು. ಮಾರ್ಸೆಲ್ ಮ್ಯೂಲ್ ಎಂಬ ಸ್ಯಾಕ್ಸೋಫೋನ್ ವಾದಕ ಬಂದು ಅದೇ ಕನ್ಸರ್ವೇಟರಿಯಲ್ಲಿ ಮತ್ತೆ ಶುರು ಮಾಡಿದ್ದು 1942ರಲ್ಲಿ. ನಡುವೆ ಎಪ್ಪತ್ತೆರಡು ವರ್ಷ ನಮಗೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಇವತ್ತು ನಿಮ್ಮ ಮಗಳು ನುಡಿಸುವ ಯಾವ ದೊಡ್ಡ ಕೃತಿ ತಗೊಂಡರೂ ಅದರ ಹಿಂದೆ ಯಾರೋ ಒಬ್ಬ ವಾದಕ ಹೋಗಿ ಸಂಯೋಜಕನ ಬಾಗಿಲು ತಟ್ಟಿದ ಕತೆ ಇರುತ್ತೆ. ಕೊಟ್ಟುಬಿಡಿ ಸಾರ್ 150.


ಪಣಂಬೂರು ಗಾಳಿ

ಎಂತ ಮಾರಾಯ್ರೆ, ಸ್ಯಾಕ್ಸೋಫೋನಿಗೆ ಕುರ್ಚಿ ಇಲ್ಲ ಅಂತೀರಿ! ನಮ್ಮ ಕಡೆ ಬನ್ನಿ. ಮದುವೆಗೆ ಸ್ಯಾಕ್ಸೋಫೋನ್, ದೇವಸ್ಥಾನದ ಬಲಿಗೆ ಸ್ಯಾಕ್ಸೋಫೋನ್, ನೇಮಕ್ಕೂ ಸ್ಯಾಕ್ಸೋಫೋನ್. ಎಲ್ಲ ಕದ್ರಿ ಗೋಪಾಲನಾಥರ ಪುಣ್ಯ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಹುಡುಗ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಇದನ್ನು ಕೇಳಿ ಮರುಳಾದ್ದು. ಅವರಿಗೆ ಯಾರೂ ಹೊಸತು ಬರೆದುಕೊಡಲಿಲ್ಲ. ತ್ಯಾಗರಾಜರ ಕೀರ್ತನೆಯನ್ನೇ ಅದರಲ್ಲಿ ಕೂರಿಸಿದರು. ಹಾಗಿದ್ದ ಮೇಲೆ ಈ ಬರೆಸುವ ಕರ್ಮ ಯಾಕೆ ಅಂತ ನನ್ನದೂ ಒಂದು ಪ್ರಶ್ನೆ ಉಂಟು.


ಧಾರವಾಡ ಫೇಡೆ

ನಂದೂ ಅದ ಪ್ರಶ್ನೆ ರೀ. ಮತ್ತ ಇನ್ನೊಂದು. ರೊಕ್ಕಾ ಕೊಟ್ಟು ಬರೆಸಿದ್ದು ಕಲಾ ಹೆಂಗ ಆಗ್ತೈತಿ? ಒಳಗಿಂದ ಉಕ್ಕಿ ಬರಬೇಕು. ಟೇಲರ್ ಕಡೆ ಅಳತಿ ಕೊಟ್ಟು ಅಂಗಿ ಹೊಲಸಿಧಂಗ, ಇಷ್ಟು ನಿಮಿಷ ಇರಲಿ, ಇಷ್ಟು ಕಠಿಣ ಇರಲಿ ಅಂದ್ರ ಹೊಲದವ್ನ ಮನಸು ಅದ್ರಾಗ ಎಲ್ಲಿ ಇರ್ತೈತಿ?


ಸಯ್ಯಾಜಿರಾವ್ ರಸ್ತೆ

ಫೇಡೆಯವರೇ, ಅಳತೆ ಕೊಟ್ಟು ಹೊಲಿಸಿದ ಅಂಗಿಯೇ ಮೈಗೆ ಕೂರೋದು. ರೆಡಿಮೇಡು ಭುಜದ ಹತ್ತಿರ ಯಾವಾಗಲೂ ಜೋಲುತ್ತೆ.

ಮೈಸೂರಿನವನಾಗಿ ಒಂದು ವಿಷಯ ಹೇಳಲೇಬೇಕು. ನಿಕೊಲಾಯ್ ಮೆಟ್ನರ್ ಅಂತ ರಷ್ಯದ ಸಂಯೋಜಕ, ದೊಡ್ಡ ಪಿಯಾನೊ ವಾದಕ. ಲಂಡನ್ನಿನಲ್ಲಿ ಮುಪ್ಪಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಮುದ್ರಿಸಿಕೊಳ್ಳೋಕೆ ಹಣ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚೆರ್ಟೊವನ್ನು (ಒಂದು ವಾದ್ಯ ಮುಂದೆ, ವಾದ್ಯವೃಂದ ಜೊತೆಗೆ ಇರುವ ಕೃತಿ) ಮಹಾರಾಜರಿಗೆ ಅರ್ಪಿಸಿದ್ದಾರೆ. ಸ್ವರಪುಸ್ತಕದಲ್ಲಿ ಇವತ್ತೂ 'ಮೈಸೂರು' ಅಂತ ಅಚ್ಚಾಗಿದೆ. ಜರ್ಮನಿಯ ಸಂಯೋಜಕ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದಾಗ ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರೂ ಇವರೇ. ಮಹಾರಾಜರು ಸ್ವತಃ ಪಿಯಾನೊ ಬಲ್ಲವರು. ದುಡ್ಡು ಇದ್ದದ್ದರಿಂದ ಮಾತ್ರ ಆದ ಕೆಲಸ ಅಲ್ಲ ಅದು, ಕಿವಿ ಇತ್ತು.


ಪಣಂಬೂರು ಗಾಳಿ

ರಾಯಲ್ ಆಲ್ಬರ್ಟ್ ಹಾಲ್ ಹೇಳಿದ್ದಕ್ಕೆ ನೆನಪಾಯ್ತು. ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ 1994ಕ್ಕೆ ಗೋಪಾಲನಾಥರು ನುಡಿಸಿದ್ದು ಅದೇ ಹಾಲಿನಲ್ಲಿ. ಅಲ್ಲಿಗೆ ಮೈಸೂರಿನ ಋಣ ಮಂಗಳೂರಿನವರು ತೀರಿಸಿದ್ದು ಆಯ್ತಲ್ಲ.


ಸಯ್ಯಾಜಿರಾವ್ ರಸ್ತೆ

ಅರಮನೆ ಬ್ಯಾಂಡು ಕೇಳಿಯೇ ಅವರು ಕಲಿತದ್ದು ಅಂತ ನೀವೇ ಬರೆದಿದ್ದೀರಿ. ಋಣ ಇನ್ನೂ ಬಾಕಿ ಇದೆ.


ರೀಡು ಕಚ್ಚಿದವನು

ಫೇಡೆಯವರ ಅಂಗಿ ಲೆಕ್ಕಕ್ಕೆ ಒಂದು ಕತೆ ಇದೆ. ಅವರ ಪರವೂ ಹೌದು, ವಿರುದ್ಧವೂ ಹೌದು.

ಅಮೆರಿಕದ ಬೋಸ್ಟನ್ನಿನಲ್ಲಿ ಎಲೀಸ್ ಹಾಲ್ ಅಂತ ಒಬ್ಬ ಹೆಂಗಸು. ಹುಟ್ಟಿದ್ದು 1853. ಶಸ್ತ್ರವೈದ್ಯರ ಹೆಂಡತಿ, ಅನುಕೂಲಸ್ಥರು. ನಡುವಯಸ್ಸು ದಾಟುವ ಹೊತ್ತಿಗೆ ಸ್ಯಾಕ್ಸೋಫೋನ್ ಹಿಡಿದರು. ಆಗ ಹೆಂಗಸರು ಪಿಯಾನೊ ನುಡಿಸಬಹುದು, ಹಾಡಬಹುದು. ಕೆನ್ನೆ ಉಬ್ಬಿಸಿ ಇಷ್ಟು ದೊಡ್ಡ ಕೊಳವೆ ಊದುವುದು ನಗೆಪಾಟಲು. ಆಕೆ ನಗುವವರ ಕಡೆ ನೋಡಲೇ ಇಲ್ಲ. ಬೋಸ್ಟನ್ ಸಿಂಫನಿಯ ಓಬೊ ವಾದಕ ಜಾರ್ಜ್ ಲಾಂಜಿ ಅವರ ನೆರವಿನಿಂದ ಫ್ರಾನ್ಸಿನ ಸಂಯೋಜಕರಿಗೆ ಒಬ್ಬರ ಮೇಲೊಬ್ಬರಿಗೆ ಪತ್ರ ಬರೆದು, ಹಣ ಕೊಟ್ಟು, ಇಪ್ಪತ್ತಕ್ಕೂ ಹೆಚ್ಚು ಕೃತಿ ಬರೆಸಿದರು. ವಿನ್ಸೆಂಟ್ ಡಾಂಡಿ ಬರೆದ, ಫ್ಲೋರಾಂ ಶ್ಮಿಟ್ ಬರೆದ. ಶ್ಮಿಟ್‌ನ 'ಲೆಜಾಂಡ್' ಸ್ಯಾಕ್ಸೋಫೋನ್-ಪಿಯಾನೊ ರೂಪದಲ್ಲಿ ಇವತ್ತೂ ಕಾಲೇಜುಗಳಲ್ಲಿ ಕೇಳುತ್ತೆ, ನಿಮ್ಮ ಮಗಳನ್ನು ಕೇಳಿ ನೋಡಿ.

1901ರಲ್ಲಿ ಫ್ರಾನ್ಸಿನ ಹೆಸರಾಂತ ಸಂಯೋಜಕ ದೆಬ್ಯುಸಿಗೂ ಹಣ ಕೊಟ್ಟರು. ಅವನು ಮುಂಗಡ ಈಸಿಕೊಂಡ, ಖರ್ಚೂ ಮಾಡಿದ, ಬರೆಯಲು ಮಾತ್ರ ಕೂರಲಿಲ್ಲ. ಎರಡು ವರ್ಷ ಕಾದು ಆಕೆ ಪ್ಯಾರಿಸ್ಸಿಗೇ ಬಂದು ವಿಚಾರಿಸಿದಾಗ ಗೆಳೆಯರಿಗೆ ಬರೆದ ಕಾಗದಗಳಲ್ಲಿ ಗೊಣಗಾಟ: ಈ ಸ್ಯಾಕ್ಸೋಫೋನ್ ಹೆಂಗಸು ಬಿಡ್ತಿಲ್ಲ ಅಂತ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಆಕೆ ಗುಲಾಬಿ ಉಡುಪಿನಲ್ಲಿ ನಿಂತು ಡಾಂಡಿಯ ಕೃತಿ ನುಡಿಸಿದ್ದನ್ನು ನೋಡಿ ಆ ದೃಶ್ಯವನ್ನೂ ಹಾಸ್ಯ ಮಾಡಿದ. ಕೊನೆಗೆ ಬಂದದ್ದು 'ರಾಪ್ಸೊಡಿ' ಅನ್ನೋ ಕೃತಿಯ ಅರೆಬರೆ ಕರಡು. 1918ರಲ್ಲಿ ದೆಬ್ಯುಸಿ ಸತ್ತ ಮೇಲೆ ರೊಜೆ-ಡ್ಯುಕಾಸ್ ಎಂಬಾತ ಅದರ ವಾದ್ಯವೃಂದದ ಭಾಗ ತುಂಬಿಸಿ, 1919ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರಯೋಗವಾಯಿತು. ನುಡಿಸಿದ್ದು ಬೇರೆಯವರು.

ಈಗ ಆ ರಾಪ್ಸೊಡಿ ಕೇಳಿ. ಚೆನ್ನಾಗಿಯೇ ಇದೆ, ಆದರೆ ಸ್ಯಾಕ್ಸೋಫೋನಿಗೆ ಅದರಲ್ಲಿ ಮಾಡೋಕೆ ಕೆಲಸವೇ ಕಡಿಮೆ. ತೆರೆದ ಕಿಟಕಿಯಲ್ಲಿ ನಿಂತು ಬೀದಿ ನೋಡಿದ ಹಾಗೆ ಬರುತ್ತೆ, ಹೋಗುತ್ತೆ. ದೆಬ್ಯುಸಿಗೆ ಈ ವಾದ್ಯದ ಮೈ ಪರಿಚಯವೇ ಇರಲಿಲ್ಲ, ಪರಿಚಯ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಫೇಡೆಯವರು ಹೇಳಿದ ಮನಸಿಲ್ಲದ ಅಂಗಿ ಅಂದರೆ ಇದು. ಆದರೆ ತಪ್ಪು ದುಡ್ಡಿನದಲ್ಲ. ಬರೆಸಿದವಳು ಸಾಗರದಾಚೆ, ಬರೆಯುವವನು ಈಚೆ, ಮಧ್ಯೆ ಬರೀ ಚೆಕ್ಕು.


ಸಾಗರದ ಅಪ್ಪ

ಸಾಗರದಾಚೆ ಅಂದಾಗ ಒಂದು ಕ್ಷಣ ನಮ್ಮೂರು ಅಂದ್ಕೊಂಡೆ.

ಮಗಳನ್ನ ಕೇಳಿದೆ. ಶ್ಮಿಟ್ ಗೊತ್ತಂತೆ, ಮುಂದಿನ ವರ್ಷಕ್ಕೆ ಇಟ್ಕೊಂಡಿದ್ದಾಳಂತೆ. ಈಗ ನುಡಿಸ್ತಿರೋದು ಜಪಾನಿನ ಯೊಶಿಮಾತ್ಸು ಅವರ ಫಜ್ಜಿ ಬರ್ಡ್ ಸೊನಾಟಾ. ಓಡುವ ಹಕ್ಕಿ, ಹಾಡುವ ಹಕ್ಕಿ, ಹಾರುವ ಹಕ್ಕಿ ಅಂತ ಮೂರು ಭಾಗ. ಅದೂ 1991ರಲ್ಲಿ ಸುಗಾವಾ ಅನ್ನೋ ವಾದಕರಿಗಾಗಿ ಬರೆದದ್ದೇ ಅಂತ ಹೇಳಿ ನನ್ನ ಕಡೆ ಒಂಥರಾ ನೋಡಿದಳು. ಬೇಸ್‌ಮೆಂಟಿನಲ್ಲಿ ರಾತ್ರಿ ಕೋಳಿ ಕೂಗಿದ ಹಾಗೆ ಕೇಳ್ತಿದ್ದದ್ದು ಏನು ಅಂತ ಈಗ ಗೊತ್ತಾಯ್ತು.


ತಾಳ ತಪ್ಪಿದವಳು

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಶಿಕಾಗೋ ಪಕ್ಕದಲ್ಲಿ ಒಂದು ಸಂಗೀತ ಶಾಲೆಯಲ್ಲಿ ವಾದಕರ ಜೊತೆ ಪಿಯಾನೊ ನುಡಿಸೋದೇ ನನ್ನ ಸಂಬಳದ ಕೆಲಸ. ತುಮಕೂರಿನವಳು. ಮೊದಲು ಒಂದು ತಕರಾರು: ಇಲ್ಲಿ ಎಲ್ಲರೂ ಸ್ಯಾಕ್ಸೋಫೋನ್ ಸ್ಯಾಕ್ಸೋಫೋನ್ ಅಂತಿದ್ದೀರಿ. ಅಪ್ಪನವರ ಮೊದಲ ಪೋಸ್ಟಿನಲ್ಲೇ 'ಮತ್ತು ಪಿಯಾನೊಗೆ' ಅಂತ ಇದೆ. ಸೊನಾಟಾದಲ್ಲಿ ಪಿಯಾನೊ ಪಕ್ಕವಾದ್ಯ ಅಲ್ಲ. ಇಬ್ಬರೂ ಮುಖ್ಯವೇ.

ಅಂಗಿ ಮೈಗೆ ಕೂತ ಕತೆ ಕ್ರೆಸ್ಟನ್ ಸೊನಾಟಾದ್ದು. ಪಾಲ್ ಕ್ರೆಸ್ಟನ್, ನ್ಯೂಯಾರ್ಕಿನವನು, 1906ರಲ್ಲಿ ಸಿಸಿಲಿಯಿಂದ ಬಂದ ಬಡವರ ಮನೆಯಲ್ಲಿ ಹುಟ್ಟಿದ್ದು. ಹುಟ್ಟು ಹೆಸರು ಜುಸೆಪ್ಪೆ ಗುಟ್ಟೊವೆಜ್ಜೊ. ಸಂಯೋಜನೆ ಕಲಿತದ್ದು ತಾನೇ ಓದಿಕೊಂಡು. ಚರ್ಚಿನಲ್ಲಿ ಆರ್ಗನ್ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ. ಸೆಸಿಲ್ ಲೀಸನ್ ಎಂಬ ಸ್ಯಾಕ್ಸೋಫೋನ್ ವಾದಕನ ಕಛೇರಿಗಳಿಗೆ ಪಿಯಾನೊ ಕೂರುತ್ತಿದ್ದವನು ಇವನೇ. ಲೀಸನ್ ಸ್ಯಾಕ್ಸೋಫೋನನ್ನು ಡಾನ್ಸ್ ಹಾಲಿನಿಂದ ಕಛೇರಿ ವೇದಿಕೆಗೆ ತರಬೇಕು ಅಂತ ಹಟ ಹಿಡಿದವನು, ಆದರೆ ನುಡಿಸೋಕೆ ಸರಕು ಬೇಕಲ್ಲ. ಕೇಳಿದ್ದು ದೂರದ ದೊಡ್ಡ ಹೆಸರನ್ನಲ್ಲ, ಪಕ್ಕದಲ್ಲೇ ಪಿಯಾನೊ ಮುಂದೆ ಕೂತವನನ್ನು. 1939ರಲ್ಲಿ ಸೊನಾಟಾ ಆಯಿತು, ಮಾರನೇ ವರ್ಷ ನ್ಯೂಯಾರ್ಕಿನಲ್ಲಿ ಇಬ್ಬರೂ ಸೇರಿ ನುಡಿಸಿದರು.

ಇದರಿಂದ ಎರಡು ಫಲ. ಒಂದು, ಲೀಸನ್‌ನ ಉಸಿರು ಎಷ್ಟು ಉದ್ದ, ಯಾವ ಸ್ವರ ಅವನ ವಾದ್ಯದಲ್ಲಿ ತುಂಬಿ ಬರುತ್ತೆ ಅಂತ ಕ್ರೆಸ್ಟನ್‌ಗೆ ಕಿವಿಯಿಂದಲೇ ಗೊತ್ತಿತ್ತು. ಎಲ್ಲೂ ವಾದ್ಯದ ವಿರುದ್ಧ ಹೋಗಲ್ಲ. ಎರಡು, ಪಿಯಾನೊ ಭಾಗ ತನಗೇ ಬರೆದುಕೊಂಡದ್ದು. ಒಳ್ಳೇ ಪಿಯಾನೊ ವಾದಕ ತನ್ನ ಕೈಗೆ ಬರೆದುಕೊಂಡರೆ ಮುಂದಿನ ಎಂಬತ್ತು ವರ್ಷ ನಮ್ಮಂಥವರ ಗತಿ ಏನು ಅಂತ ಯೋಚನೆ ಮಾಡಿರಲ್ಲ. ಮೊದಲ ಭಾಗದ ಹೆಸರೇ 'ಹುರುಪಿನಿಂದ'. ಎರಡೂ ಕೈ ತುಂಬ ಕೆಲಸ, ಒತ್ತು ಬೀಳುವ ಜಾಗ ತಾಳದ ಜೊತೆ ಚೌಕಾಸಿಗೆ ಇಳಿದ ಹಾಗೆ.

ಎರಡನೇ ಭಾಗ 'ಶಾಂತವಾಗಿ', ಐದು ಎಣಿಕೆಯ ಆವರ್ತ. ನಾನು ಮೊದಲ ಸಲ ಅಭ್ಯಾಸಕ್ಕೆ ಕೂತಾಗ ಜೊತೆಗಿದ್ದ ಅಮೆರಿಕನ್ ಹುಡುಗ ಒಂದು ಎರಡು ಮೂರು ನಾಲ್ಕು ಐದು ಅಂತ ಕಾಲಿನಲ್ಲಿ ಲೆಕ್ಕ ಹಾಕುತ್ತಿದ್ದ, ಪ್ರತಿ ಐದಕ್ಕೂ ರಾಗದ ಎಳೆ ತುಂಡಾಗುತ್ತಿತ್ತು. ನನಗೆ ಚಿಕ್ಕಂದಿನ ವೀಣೆ ಪಾಠ ನೆನಪಿಗೆ ಬಂದು, ಮನಸ್ಸಿನಲ್ಲೇ ತಕ ತಕಿಟ ಅಂದುಕೊಂಡು ಎಡಗೈ ಬಿಟ್ಟೆ. ಅವನು ನುಡಿಸುತ್ತಲೇ ಕಣ್ಣು ಅಗಲ ಮಾಡಿ ತಿರುಗಿ ನೋಡಿದ. ನಿಲ್ಲಿಸಿ, ಅದೇನು ಮಾಡಿದೆ ಅಂದ. ಖಂಡ, ಐದರ ಎಣಿಕೆಗೆ ನಮ್ಮ ಕಡೆ ಇರುವ ಹೆಸರು, ಅಂದೆ. ಬರೆದುಕೊಡು ಅಂದ, ಅವನ ಸ್ವರಪುಸ್ತಕದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ತಕ ತಕಿಟ' ಅಂತ ಬರೆದೆ. ಕ್ರೆಸ್ಟನ್ ಅದನ್ನು ಎರಡು-ಮೂರಾಗಿಯೇ ಎಲ್ಲ ಕಡೆ ಒಡೆದಿಲ್ಲ, ಅದು ನನಗೂ ಗೊತ್ತು. ಆದರೆ ಅವತ್ತು ಆ ಹುಡುಗನ ಕಾಲು ನೆಲ ತಟ್ಟುವುದು ನಿಂತಿತು.


ಧಾರವಾಡ ಫೇಡೆ

ಇದು ಛಲೋ ಆತು. ಅಂದ್ರ ಜೋಡಿ ಕುಂತು ಬರೆದ್ರ ಬ್ಯಾರೆ, ಟಪಾಲಿನಾಗ ರೊಕ್ಕಾ ಕಳಿಸಿದ್ರ ಬ್ಯಾರೆ. ಒಪ್ಪಿದೆ. ನಮ್ಮ ಕಡೆ ಕಂಪನಿ ನಾಟಕದಾಗೂ ಹಂಗ ಇತ್ತು. ನಟಿ ಯಾರು, ಆಕಿ ದನಿ ಎಲ್ಲಿತನಕ ಏರ್ತೈತಿ ನೋಡಿ ಕವಿ ಪದಾ ಬರೀತಿದ್ದ.

ಆದ್ರ ಎಲ್ಲಾರಿಗೂ ಪಕ್ಕದಾಗ ಕುಂಡ್ರೂ ಕ್ರೆಸ್ಟನ್ ಸಿಗೂದಿಲ್ಲಲ್ಲ?


ರೀಡು ಕಚ್ಚಿದವನು

ಸಿಗದಿದ್ದರೆ ಬೆನ್ನು ಬೀಳಬೇಕು. ಸಿಗುರ್ಡ್ ರಾಷರ್ ಅಂತ ಜರ್ಮನ್ ವಾದಕ, 1933ರಲ್ಲಿ ದೇಶ ಬಿಟ್ಟು ಡೆನ್ಮಾರ್ಕ್ ಸೇರಿದವನು. ರಷ್ಯದ ವೃದ್ಧ ಸಂಯೋಜಕ ಗ್ಲಾಜುನೋವ್ ಆಗ ಪ್ಯಾರಿಸ್ಸಿನಲ್ಲಿ. ಇವನು ಎಷ್ಟು ಬೆನ್ನು ಬಿದ್ದ ಅಂದರೆ, ಇದು ವಿನಂತಿ ಅಲ್ಲ, ದಾಳಿ ಅಂತ ಗ್ಲಾಜುನೋವ್ ಕಾಗದದಲ್ಲಿ ಬರೆದುಕೊಂಡಿದ್ದಾನೆ. 1934ರಲ್ಲಿ ಕನ್ಚೆರ್ಟೊ ಬಂತು. ಅದು ತಂತಿವಾದ್ಯಗಳ ಜೊತೆಗಿನದು, ಇಲ್ಲಿನ ವಿಷಯದ ಗಡಿ ದಾಟುತ್ತೆ, ಸಾಕು.

ಗಡಿಯೊಳಗೇ ಇರುವ, ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವ ಕತೆ ದೆನಿಸೊವ್ ಸೊನಾಟಾದ್ದು. ಟಪಾಲಿನ ದೂರದಲ್ಲಿದ್ದೂ ಮೈಗೆ ಕೂತ ಅಂಗಿ.

ಎಡಿಸನ್ ದೆನಿಸೊವ್ ಸೈಬೀರಿಯದ ತೋಮ್ಸ್ಕ್ ಊರಿನವನು, 1929ರಲ್ಲಿ ಹುಟ್ಟಿದ್ದು. ಅಪ್ಪ ರೇಡಿಯೊ ತಜ್ಞ, ಬಲ್ಬಿನ ಎಡಿಸನ್ ಹೆಸರನ್ನೇ ಮಗನಿಗೆ ಇಟ್ಟ. ಮಗ ಮೊದಲು ಗಣಿತದ ಪದವಿ ಮುಗಿಸಿ ಆಮೇಲೆ ಮಾಸ್ಕೋದಲ್ಲಿ ಸಂಗೀತ ಓದಿದ. ಸ್ಟಾಲಿನ್ ಕಾಲದ ಕೊನೆಯಲ್ಲಿ ಸ್ಯಾಕ್ಸೋಫೋನ್ ಅಂದರೆ ಪಶ್ಚಿಮದವರ ಕೊಳಕು ವಾದ್ಯ ಅಂತ ಸರ್ಕಾರದ ಕೆಂಗಣ್ಣು ಬಿದ್ದ ದೇಶ ಅದು. ಅಂಥ ಕಡೆ ಕೂತವನಿಗೆ ಫ್ರಾನ್ಸಿನಿಂದ ಕೇಳಿಕೆ ಬಂತು. ಕೇಳಿದವರು ಜಾನ್-ಮರಿ ಲೊಂದೆಕ್ಸ್, ಮ್ಯೂಲ್ ಶಿಷ್ಯರು, ಮುಂದೆ ಮೂವತ್ತು ವರ್ಷ ಬೋರ್ಡೊ ಊರಿನಲ್ಲಿ ಪಾಠ ಹೇಳಿದವರು. ಈ ಮನುಷ್ಯನಿಗೆ ಕೇಳುವುದೇ ಒಂದು ವ್ರತ. ಅವರಿಗೆ ಅರ್ಪಿಸಿದ ಕೃತಿಗಳೇ ನೂರರ ಮೇಲಿವೆ. ಅದೂ ಸಾಲದೆ, ಪ್ರಪಂಚದಲ್ಲಿ ಸ್ಯಾಕ್ಸೋಫೋನಿಗೆ ಏನೇನು ಬರೆದಿದ್ದಾರೆ ಅಂತ ಪಟ್ಟಿ ಮಾಡಿ ದಪ್ಪ ಪುಸ್ತಕ ಮಾಡಿದರು.

1970ರಲ್ಲಿ ಸೊನಾಟಾ ಆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವ ಸ್ಯಾಕ್ಸೋಫೋನ್ ಸಮ್ಮೇಳನದಲ್ಲಿ ಲೊಂದೆಕ್ಸ್ ನುಡಿಸಿದರು. ಊರು ಯಾವುದು ಗೊತ್ತೇ, ತಾಳ ತಪ್ಪಿದವರೇ? ನಿಮ್ಮ ಶಿಕಾಗೋ.

ಅದರಲ್ಲಿ ಏನಿದೆ ಅಂದರೆ, ಆವರೆಗೆ ಸ್ಯಾಕ್ಸೋಫೋನ್ ಸೊನಾಟಾ ಅಂದರೆ ನುಣ್ಣಗೆ ಹಾಡಬೇಕು ಅಂತ ಇತ್ತು. ದೆನಿಸೊವ್ ಒಂದೇ ಉಸಿರಿಗೆ ಎರಡು ಮೂರು ಸ್ವರ ಒಟ್ಟಿಗೆ ಬರುವ ಹಾಗೆ ಬೆರಳು ಇಡಿಸಿದ. ಎರಡು ಸ್ವರದ ಮಧ್ಯದ ಸಂದಿಗೆ ಇಳಿಸಿದ. ಮೂರನೇ ಭಾಗದಲ್ಲಿ ಜಾಝ್ ನೆರಳು ಕಳ್ಳನ ಹಾಗೆ ಒಳಗೆ ಬರುತ್ತೆ. ಹೀಗೆ ಒಟ್ಟಿಗೆ ಎರಡು ಸ್ವರ ಬರಿಸೋದು ನಾನೂ ಪ್ರಯತ್ನಿಸಿದ್ದೇನೆ: ಬೆರಳು ಸರಿ ಇಟ್ಟರೂ ತುಟಿ ಕೂದಲೆಳೆ ಬಿಗಿಯಾದರೆ ಮೇಲಿನದು ಮಾತ್ರ ಬರುತ್ತೆ, ಕೂದಲೆಳೆ ಸಡಿಲವಾದರೆ ಕೆಳಗಿನದು ಮಾತ್ರ. ನಡುವೆ ಒಂದು ಜಾಗದಲ್ಲಿ ರೀಡು (ಬಾಯಿಗಿಡುವ ತುದಿಯಲ್ಲಿರುವ ತೆಳು ಪಟ್ಟಿ) ನಡುಗಿ ಎರಡೂ ಒಟ್ಟಿಗೆ ಗೊರಗೊರ ಅನ್ನುತ್ತೆ, ಕಬ್ಬಿನ ಗಾಣದಿಂದ ಬಂದ ಹಾಗೆ. ಮೊದಲ ಸಲ ಬಂದಾಗ ವಾದ್ಯ ಕೆಟ್ಟುಹೋಯಿತು ಅಂತ ಹೆದರಿದ್ದೆ. ನಾಲ್ಕು ರೀಡು ಎಸೆದ ಮೇಲೆ ಬೇಕೆಂದಾಗ ಬರತೊಡಗಿತು. ವಾದ್ಯದ ಇಂಥ ಒಳಗುಟ್ಟುಗಳನ್ನು ವಾದಕ ಹೇಳಿಕೊಡದೆ ಯಾವ ಸಂಯೋಜಕನೂ ಮೇಜಿನ ಮುಂದೆ ಕೂತು ಊಹಿಸಲಾರ. ಬರೆಸಿದವನು ಕೊಡುವುದು ದುಡ್ಡು ಮಾತ್ರ ಅಲ್ಲ ಅಂತ ನಾನು ಹೇಳ್ತಿರೋದು ಇದಕ್ಕೇ.


ಪಣಂಬೂರು ಗಾಳಿ

ಎರಡು ಸ್ವರದ ಮಧ್ಯದ ಸಂದಿ ಅಂದಿರಲ್ಲ, ಅದು ನಮಗೆ ಹೊಸತಲ್ಲ. ಗಮಕ ಅಂದರೆ ಅದೇ ಅಲ್ವಾ. ಸ್ಯಾಕ್ಸೋಫೋನಿನ ಕೀ ಒತ್ತಿದರೆ ಸ್ವರ ಪಟ್ ಅಂತ ನಿಲ್ಲುತ್ತದೆ, ಜಾರುವುದಿಲ್ಲ. ಗೋಪಾಲನಾಥರು ಅದಕ್ಕಾಗಿ ವಾದ್ಯವನ್ನೇ ಮಾರ್ಪಾಡು ಮಾಡಿಕೊಂಡದ್ದು, ತುಟಿ ಮತ್ತು ಬೆರಳಿನಲ್ಲಿ ವರ್ಷಗಟ್ಟಲೆ ಸಾಧನೆ ಮಾಡಿದ್ದು. ಅವರು ಇದ್ದ ಸಂಗೀತಕ್ಕೆ ವಾದ್ಯವನ್ನು ಬಗ್ಗಿಸಿದರು. ಪಶ್ಚಿಮದ ಕಡೆಯವರು ಇದ್ದ ವಾದ್ಯಕ್ಕೆ ಸಂಗೀತ ಬರೆಸಿದರು. ಎರಡರಲ್ಲೂ ಪೆಟ್ಟು ತಿಂದದ್ದು ತುಟಿ.

ಮತ್ತೆ, ನನ್ನ ಮೊದಲಿನ ಮಾತು ಸ್ವಲ್ಪ ಹಿಂದೆ ತೆಗೆದುಕೊಳ್ಳುತ್ತೇನೆ. ನಮ್ಮಲ್ಲೂ ಬರೆಸುವುದು ಉಂಟು. ಯಕ್ಷಗಾನ ಮೇಳದವರು ವರ್ಷಕ್ಕೊಂದು ಹೊಸ ಪ್ರಸಂಗ ಬರೆಸುವುದಿಲ್ಲವೋ? ಕವಿಗಳಿಗೆ ಆ ಮೇಳದಲ್ಲಿ ಯಾವ ಭಾಗವತರು, ಯಾರು ಪುಂಡುವೇಷ, ಹಾಸ್ಯಗಾರರು ಯಾರು ಅಂತ ಎಲ್ಲ ಗೊತ್ತಿದ್ದೇ ಬರೆಯುವುದು.


ಸಾಗರದ ಅಪ್ಪ

ಇದು ನನಗೆ ತಲೆಗೆ ಹೋಯಿತು. ನಮ್ಮ ಕಡೆಯೂ ಮೇಳ ಉಂಟಲ್ಲ, ಬಡಗು.

ನಿನ್ನೆ ಮಗಳ ಹತ್ತಿರ ಆ ಒಪ್ಪಂದದ ಕಾಗದ ಇಸಿದುಕೊಂಡು ಓದಿದೆ. ಎರಡು ಪುಟ. ಅಂಗಿ ಅಳತೆ ಅಂತ ಫೇಡೆಯವರು ಅಂದದ್ದು ಸುಳ್ಳಲ್ಲ. ಕೃತಿ ಹನ್ನೆರಡರಿಂದ ಹದಿನೈದು ನಿಮಿಷ. ಆಲ್ಟೊ ಒಂದೇ, ಮಧ್ಯೆ ಬೇರೆ ಸ್ಯಾಕ್ಸೋಫೋನಿಗೆ ಬದಲಾಯಿಸಬಾರದು. ವಾದ್ಯದ ಮಾಮೂಲು ವ್ಯಾಪ್ತಿಯ ಮೇಲಿನ ಸ್ವರ ಬರೆದರೆ ಅದರ ಕೆಳಗೆ ಸಣ್ಣಕ್ಷರದಲ್ಲಿ ಸುಲಭದ ಪರ್ಯಾಯ ಕೊಡಬೇಕು, ವಿದ್ಯಾರ್ಥಿಗಳೂ ನುಡಿಸುವಂತಾಗಲಿ ಅಂತ. ಸಂಯೋಜಕರಿಗೆ ಅರ್ಧ ಹಣ ಈಗ, ಅರ್ಧ ಕೃತಿ ಕೈಗೆ ಬಂದ ಮೇಲೆ. (ದೆಬ್ಯುಸಿಯಿಂದ ಪಾಠ ಕಲಿತಿದ್ದಾರೆ.) ಮೊದಲ ಪ್ರಯೋಗ ಮೇಷ್ಟ್ರದು. ಆಮೇಲೆ ಒಂದು ವರ್ಷ ಪಾಲು ಹಾಕಿದವರಿಗೆ ಮಾತ್ರ ನುಡಿಸುವ ಹಕ್ಕು, ನಂತರ ಮಾರಾಟಕ್ಕೆ. ಸ್ವರಪುಸ್ತಕದ ಒಳಪುಟದಲ್ಲಿ ಎಲ್ಲ ಪಾಲುದಾರರ ಹೆಸರು. ಮೇಳಕ್ಕೆ ಹರಕೆ ಆಟ ಆಡಿಸಿದವರ ಹೆಸರು ಕರಪತ್ರದಲ್ಲಿ ಹಾಕಿದ ಹಾಗೆ.


ರೀಡು ಕಚ್ಚಿದವನು

ನಿಮ್ಮ ಮಿಷಿಗನ್ನಿಗೆ ಇದು ಹೊಸ ವ್ಯವಹಾರ ಅಲ್ಲ ಅಪ್ಪನವರೇ. ಅಲ್ಲಿನ ಯೂನಿವರ್ಸಿಟಿಯಲ್ಲೇ ಪಾಠ ಹೇಳುತ್ತಿದ್ದ ವಿಲಿಯಂ ಆಲ್‌ಬ್ರೈಟ್ 1984ರಲ್ಲಿ ಬರೆದ ಸ್ಯಾಕ್ಸೋಫೋನ್-ಪಿಯಾನೊ ಸೊನಾಟಾ ಕೂಡ ಹಲವು ವಾದಕರು ಸೇರಿ ಬರೆಸಿದ್ದು. ಅದರ ಎರಡನೇ ಭಾಗ ಆ ವರ್ಷ ತೀರಿಕೊಂಡ ಜಾರ್ಜ್ ಕಚೋಪೊ ಎಂಬ ಸಂಯೋಜಕ ಗೆಳೆಯನಿಗೆ ಶೋಕಗೀತೆ. ಫೇಡೆಯವರೇ, ಒಪ್ಪಂದದಲ್ಲಿ ಅಳು ಇರಲಿ ಅಂತ ಯಾರೂ ಬರೆಸಿರಲಿಕ್ಕಿಲ್ಲ. ಕೇಳಿಕೆ ಬಂದಿತ್ತು, ದುಃಖವೂ ಬಂದಿತ್ತು. ಪಿಯಾನೊ ಒಂದೇ ನಡೆಯನ್ನು ಮತ್ತೆ ಮತ್ತೆ ಸುತ್ತುತ್ತೆ, ಮೇಲೆ ಸ್ಯಾಕ್ಸೋಫೋನ್ ಮೆಲ್ಲಗೆ ಶುರುವಾಗಿ ಕೊನೆಗೆ ಕಿರುಚುವ ತನಕ ಹೋಗುತ್ತೆ. ರಾತ್ರಿ ಒಬ್ಬರೇ ಇದ್ದಾಗ ಕೇಳಬೇಡಿ.


ಧಾರವಾಡ ಫೇಡೆ

ಕೇಳಿದೆ ರೀ. ಒಬ್ಬವನ ಇದ್ದೆ. ಇನ್ನ ರೊಕ್ಕದ ಮಾತು ಎತ್ತೂದಿಲ್ಲ.


ತಾಳ ತಪ್ಪಿದವಳು

ಅಪ್ಪನವರೇ, ಆ ಎರಡು ಪುಟದ ಒಪ್ಪಂದದಲ್ಲಿ ಪಿಯಾನೊ ಬಗ್ಗೆ ಏನಿದೆ, ಒಂದು ಸಲ ನೋಡಿ ಹೇಳ್ತೀರಾ? ಸ್ಯಾಕ್ಸೋಫೋನಿಗೆ ಸುಲಭದ ಪರ್ಯಾಯ ಕೇಳಿದ್ದಾರೆ, ಒಳ್ಳೇದು. ಪಿಯಾನೊಗೆ?

ಯಾಕೆ ಕೇಳ್ತಿದ್ದೀನಿ ಅಂದರೆ, ಇಂಥ ಹೊಸ ಕೃತಿಗಳು ನನ್ನ ಕೈಗೆ ಬರೋದು ಕಛೇರಿಗೆ ಮೂರು ದಿನ ಇರುವಾಗ. ಹಿಂದೆ ಒಂದು ಕಡೆ ಕೆಲಸ ಮಾಡ್ತಿದ್ದಾಗ ಸ್ಯಾಕ್ಸೋಫೋನ್ ಹುಡುಗಿಗೆ ಐದು ತಿಂಗಳು, ನನಗೆ ಗುರುವಾರದಿಂದ ಭಾನುವಾರ. ಸ್ವರಪುಸ್ತಕ ಬಿಡಿಸಿದರೆ ಒಂದು ಪುಟದ ಕೊನೆಯಲ್ಲಿ ಎರಡೂ ಕೈಗೆ ಹದಿನಾರು ಸ್ವರದ ಓಟ, ಅದು ನಿಲ್ಲದೆ ಮುಂದಿನ ಪುಟಕ್ಕೆ ಹೋಗುತ್ತೆ. ಪುಟ ತಿರುಗಿಸೋಕೆ ಮೂರನೇ ಕೈ ಬೇಕು. ಕೊನೆಗೆ ಆ ಪುಟದ ಜೆರಾಕ್ಸ್ ಮಾಡಿಸಿ ಪಕ್ಕಕ್ಕೆ ಅಂಟಿಸಿದೆ. ಕಛೇರಿಯ ದಿನ ಹಾಲಿನ ಏಸಿ ಗಾಳಿಗೆ ಅಂಟು ಬಿಟ್ಟು ಹಾಳೆ ಒಳಗೆ ತಂತಿಗಳ ಮೇಲೆ ಬಿತ್ತು. ಎಂಟು ಆವರ್ತ ಬಾಯಿಪಾಠದಲ್ಲಿ ಹೊಡೆದೆ, ಅದರಲ್ಲಿ ಎರಡು ನನ್ನ ಸ್ವಂತ ರಚನೆ. ಮುಗಿದ ಮೇಲೆ ಒಬ್ಬರು ಬಂದು ಆ ಝರ್ ಅನ್ನೋ ಸದ್ದು ತುಂಬ ಆಧುನಿಕವಾಗಿತ್ತು ಅಂದರು. ಹಾಳೆ ತಂತಿಗೆ ತಾಗಿದ ಸದ್ದು ಅದು.


ಪಣಂಬೂರು ಗಾಳಿ

ಆ ಎರಡು ಆವರ್ತಕ್ಕೆ ಸಂಭಾವನೆ ಕೇಳಿದಿರೋ ಇಲ್ಲವೋ?


ಸಾಗರದ ಅಪ್ಪ

ಎರಡೂ ಪುಟ ಮತ್ತೆ ಓದಿದೆ. 'ಪಿಯಾನೊ' ಅನ್ನೋ ಪದ ಎರಡೇ ಸಲ ಬಂದಿದೆ, ಎರಡೂ ಸಲ ಶೀರ್ಷಿಕೆಯಲ್ಲಿ.

ಮಗಳಿಗೆ ನಿಮ್ಮ ಪೋಸ್ಟ್ ಓದಿ ಹೇಳಿದೆ. ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ಹಾಳೆ ಬಿದ್ದ ಜಾಗದಲ್ಲಿ ನಕ್ಕು ಸುಸ್ತಾದಳು, ಆಮೇಲೆ ಸುಮ್ಮನಾದಳು. ಮೇಷ್ಟ್ರಿಗೆ ಕಾಗದ ಬರೆದಿದ್ದಾಳೆ: ಪಿಯಾನೊ ಭಾಗ ಮೂರು ತಿಂಗಳು ಮುಂಚೆ ಕೊಡಬೇಕು, ಪುಟ ತಿರುಗಿಸುವ ಕಡೆ ಎಡಗೈಯಾದರೂ ಬಿಡುವಾಗಿರಬೇಕು. ಮೇಷ್ಟ್ರು ಎರಡನ್ನೂ ಸೇರಿಸ್ತೀನಿ ಅಂದಿದ್ದಾರಂತೆ. 150 ಡಾಲರ್ ನಿನ್ನೆ ಸಂಜೆ ಕಳಿಸಿದೆ.

ಇನ್ನೊಂದು. ಮುಂದಿನ ವಸಂತದಲ್ಲಿ ಇವಳ ಕಛೇರಿಯಲ್ಲಿ ಇದನ್ನು ನುಡಿಸೋಕೆ ಜೊತೆಗೆ ಯಾರಿದ್ದಾರೆ ಅಂತ ಕೇಳಿದೆ. ಇನ್ನೂ ಯಾರೂ ಇಲ್ಲವಂತೆ. ಶಿಕಾಗೋದಿಂದ ನಮ್ಮನೆಗೆ ಕಾರಿನಲ್ಲಿ ನಾಲ್ಕೂವರೆ ಗಂಟೆ. ಏಪ್ರಿಲ್‌ನಲ್ಲಿ ನಿಮಗೆ ಬಿಡುವಿದೆಯಾ? ಹೋಟೆಲ್ ಬೇಡ, ಮನೆಯಲ್ಲೇ ಇರಬಹುದು. ತೊಡದೇವು ಮಾಡಿಸ್ತೀನಿ.


ತಾಳ ತಪ್ಪಿದವಳು

ತೊಡದೇವು ಅಂದ ಮೇಲೆ ಒಪ್ಪಂದ ಯಾಕೆ. ಎರಡನೇ ವಾರ ಆಗಬಹುದು. ಪಿಯಾನೊ ಶ್ರುತಿ ಮಾಡಿಸಿರಿ.